ಪಟ್ಟಿಯಲ್ಲಿ ಯಾರ ಹೆಸರಿದೆ? ನೌಕರರ ಸಾಮೂಹಿಕ ವಿಮೆಯ ಇಂದಿನ ದಾರಿ

ಪುಣೆಯಿಂದ ಸಾಸವಡ ಮಾರ್ಗವಾಗಿ ಸುಮಾರು 50 ಕಿ.ಮೀ. ಬಂದರೆ ಜೇಜುರಿ. ಗುಡ್ಡದ ಮೇಲಿನ ಖಂಡೋಬ ಕನ್ನಡದ ಭಕ್ತರ ಪಾಲಿಗೆ ಮೈಲಾರಲಿಂಗ, ಮಲ್ಲಯ್ಯ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಜೇಜುರಿಗೂ ಹರಕೆ ಹೊತ್ತವರಿದ್ದಾರೆ. ಮೈಮೇಲೆ ಬೀಳುವ ಭಂಡಾರದ ಹಳದಿ ಎರಡೂ ಕಡೆ ಒಂದೇ. ಇದೇ ಊರಿಗೆ ಹೊಂದಿಕೊಂಡಂತೆ ಕೈಗಾರಿಕಾ ವಸಾಹತೂ ಇದೆ. ಜನ ಅದನ್ನು ಎಂಐಡಿಸಿ ಎನ್ನುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ ಕಡೆಯಿಂದ ಪುಣೆ ಜಿಲ್ಲೆಗೆ ದುಡಿಯಲು ಬರುವ ಕನ್ನಡಿಗರ ಸಾಲು ಹಳೆಯದು. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಕಬ್ಬಿನ ಕಟಾವು, ಕಾರ್ಖಾನೆಯ ಪಾಳಿ ಹೀಗೆ ಸಿಕ್ಕಿದ್ದನ್ನು ಹಿಡಿದು ನೆಲೆ ನಿಂತವರು ಅವರು. ಅವರ ಮಕ್ಕಳಲ್ಲಿ ಹಿಂಜೇವಾಡಿಯ ಐಟಿ ಕಚೇರಿಗಳಿಗೆ ಹೋಗುವವರೂ ಇದ್ದಾರೆ.

ಹೀಗಾಗಿ ಒಂದೇ ಮನೆಯಲ್ಲಿ ಮೂರು ಬಗೆಯ ರಕ್ಷಣೆ ಕಾಣಸಿಗುವುದು ಅಪರೂಪವಲ್ಲ. ಮಗನ ಕಂಪನಿ ಐದು ಲಕ್ಷ ರೂಪಾಯಿಯ ಗ್ರೂಪ್ ಇನ್ಶೂರೆನ್ಸ್ ಕೊಟ್ಟಿರುತ್ತದೆ. ಕಾರ್ಖಾನೆಯಲ್ಲಿ ಕಾಯಂ ಆದ ಅಪ್ಪನ ಬಳಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ, ಕಾರ್ಡ್ ಇರುತ್ತದೆ. ಠೇಕೇದಾರನ ಕೈಕೆಳಗೆ ಗಾರೆ ಕೆಲಸ ಮಾಡುವ ಚಿಕ್ಕಪ್ಪನ ಬಳಿ ಆಧಾರ್ ಬಿಟ್ಟರೆ ಬೇರೆ ಕಾರ್ಡೇ ಇರುವುದಿಲ್ಲ. ಮೂವರೂ ಸಂಜೆ ಒಂದೇ ತಟ್ಟೆಯ ರೊಟ್ಟಿ ಹಂಚಿಕೊಳ್ಳುವವರು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಮೂವರ ದಾರಿ ಬೇರೆ.

ನೌಕರರ ಸೌಲಭ್ಯಗಳು ಇಂದು ಯಾವ ಕಡೆ ಸಾಗುತ್ತಿವೆ ಎಂಬುದನ್ನು ಈ ಮನೆಯಿಂದಲೇ ನೋಡುವುದು ಈ ಉಪನ್ಯಾಸದ ಉದ್ದೇಶ. ಸೌಲಭ್ಯಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ, ಅದು ಸಂತೋಷದ ಸಂಗತಿ. ಆ ಪಟ್ಟಿಗೆ ಒಳಪಡುವ ಜನರ ಪಟ್ಟಿಯೂ ಅಷ್ಟೇ ಉದ್ದವಾಗುತ್ತಿದೆಯೇ ಎಂದು ಕೇಳುವ ಹೊತ್ತು ಇದು.

ಹಳೆಯ ಬೇರು

ನೌಕರರನ್ನು ಒಟ್ಟಾಗಿಸಿ ವಿಮೆ ಮಾಡಿಸುವುದು ಹೊರಗಿನ ಕಂಪನಿಗಳು ಇತ್ತೀಚೆಗೆ ತಂದ ಪದ್ಧತಿ ಎಂದು ಹಲವರು ತಿಳಿದಿದ್ದಾರೆ. ಆದರೆ ಮೈಸೂರು ಸಂಸ್ಥಾನ 1891ರಲ್ಲೇ ತನ್ನ ಸರ್ಕಾರಿ ನೌಕರರಿಗೆ ಜೀವ ವಿಮೆಯ ವ್ಯವಸ್ಥೆ ಮಾಡಿತ್ತು. ಅದೇ ಇಂದಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಕರ್ನಾಟಕದ ಸರ್ಕಾರಿ ನೌಕರನ ಸಂಬಳದ ಚೀಟಿಯಲ್ಲಿ ಕೆಜಿಐಡಿ ಕಂತಿನ ಸಾಲು ಇಂದಿಗೂ ಇದೆ. ಎಲ್ಐಸಿ ಹುಟ್ಟಿದ್ದು ಅದಾದ 65 ವರ್ಷಗಳ ಮೇಲೆ, 1956ರಲ್ಲಿ.

ಕಾರ್ಖಾನೆ ಕಾರ್ಮಿಕರ ಕಥೆ ಬೇರೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಹೊಣೆ ಪ್ರೊ. ಬಿ.ಪಿ. ಅಡಾರ್ಕರ್ ಅವರ ಹೆಗಲಿಗೆ ಬಿತ್ತು. 1944ರಲ್ಲಿ ಅವರು ಕೊಟ್ಟ ವರದಿಯೇ 1948ರ ಇಎಸ್‌ಐ ಕಾಯ್ದೆಗೆ ಬುನಾದಿ. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ಮಾಲೀಕ ಒಂದಿಷ್ಟು, ಕಾರ್ಮಿಕ ಒಂದಿಷ್ಟು ಹಾಕಿ ಕೂಡಿಸಿದ ಹಣದಲ್ಲಿ ಕಾಯಿಲೆ ಬಿದ್ದವನನ್ನು ನೋಡಿಕೊಳ್ಳುವುದು ಅದರ ತಿರುಳು. ಚಿಕಿತ್ಸೆ ಸಿಗುವುದು ಅಗತ್ಯಕ್ಕೆ ತಕ್ಕಂತೆ. ಕಟ್ಟಿದ ಹಣ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಒಂದು ಸಂಬಳದ ಚೀಟಿಯಲ್ಲಿ ಬಿಡಿಸಿ ನೋಡಬಹುದು. ತಿಂಗಳಿಗೆ 18,000 ರೂಪಾಯಿ ಕೂಲಿ ಪಡೆಯುವ ಕಾರ್ಮಿಕನ ಪಾಲು ಶೇ 0.75, ಅಂದರೆ 135 ರೂಪಾಯಿ. ಮಾಲೀಕನ ಪಾಲು ಶೇ 3.25, ಅಂದರೆ 585 ರೂಪಾಯಿ. 2019ರ ಜುಲೈನಿಂದ ಇರುವ ದರ ಇದು. ಅದಕ್ಕೆ ಮೊದಲು ಎರಡೂ ಸೇರಿ ಶೇ 6.5 ಆಗುತ್ತಿತ್ತು. ಈ 720 ರೂಪಾಯಿಗೆ ಕಾರ್ಮಿಕನಿಗೂ ಅವನ ಅವಲಂಬಿತರಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು, ದಿನಕ್ಕೆ ಸುಮಾರು 420 ರೂಪಾಯಿ, ಖಾತೆಗೆ ಬರುತ್ತದೆ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೂ ನೆರವು ಉಂಟು. ಕೆಲಸದಲ್ಲಿ ಗಾಯವಾದರೆ ಶೇ 90. ಅದಕ್ಕೆ ಇಷ್ಟು ದಿನ ಕಂತು ಕಟ್ಟಿರಬೇಕೆಂಬ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಯಂತ್ರಕ್ಕೆ ಸಿಕ್ಕಿದರೂ ಹಕ್ಕು ಹಕ್ಕೇ. ಹೆರಿಗೆಗೆ 26 ವಾರ ಪೂರ್ಣ ವೇತನ. ಆಸ್ಪತ್ರೆಯ ಖರ್ಚು ತುಂಬುವ ಖಾಸಗಿ ಪಾಲಿಸಿ ಎಷ್ಟೇ ದುಬಾರಿಯದಾದರೂ, ಹಾಸಿಗೆ ಹಿಡಿದ ದಿನಗಳ ಕೂಲಿಯನ್ನು ಹೀಗೆ ತುಂಬಿಕೊಡುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಮೊದಲನೆಯದು ಮಿತಿ. ತಿಂಗಳ ವೇತನ 21,000 ರೂಪಾಯಿ ದಾಟಿದವರು ಇಎಸ್‌ಐಗೆ ಸೇರುವುದಿಲ್ಲ. ಈ ಮಿತಿ ನಿಗದಿಯಾದದ್ದು 2017ರ ಜನವರಿಯಲ್ಲಿ. ಅಂದಿನಿಂದ ಕೂಲಿ ಏರಿದೆ, ಬಾಡಿಗೆ ಏರಿದೆ, ಆಸ್ಪತ್ರೆಯ ಬಿಲ್ಲು ಎಲ್ಲಕ್ಕಿಂತ ಮುಂದೆ ಓಡಿದೆ. ಇನ್‌ಕ್ರಿಮೆಂಟ್ ಸಿಕ್ಕ ಕಾರ್ಮಿಕ ನಡುವೆಯೇ ಮಿತಿ ದಾಟಿದರೆ ಆ ಆರು ತಿಂಗಳ ವಂತಿಕೆ ಅವಧಿ ಮುಗಿಯುವ ತನಕ ಒಳಗಿರುತ್ತಾನೆ, ಆಮೇಲೆ ಹೊರಗೆ. ಕಂಪನಿ ಬೇರೆ ವಿಮೆ ಮಾಡಿಸಿರದಿದ್ದರೆ ಸಂಬಳ ಏರಿದ್ದೇ ಅವನಿಗೆ ಮುಳುವಾಗುತ್ತದೆ.

ಎರಡನೆಯದು ದೂರ. ಜೇಜುರಿಯ ಪಾಳಿಯಲ್ಲಿ ದುಡಿಯುವವನಿಗೆ ಇಎಸ್‌ಐನ ದೊಡ್ಡ ಆಸ್ಪತ್ರೆ ಬೇಕೆಂದರೆ ಪುಣೆಯ ಬಿಬ್ವೇವಾಡಿಗೋ, ಅದಕ್ಕೂ ಆಚೆ ಚಿಂಚವಡಕ್ಕೋ ಹೋಗಬೇಕು. ಒಂದು ದಿನದ ಚಿಕಿತ್ಸೆಗೆ ಒಂದು ದಿನದ ಕೂಲಿ ಹೋಗುತ್ತದೆ. ಸುತ್ತಲಿನ ಖಾಸಗಿ ಆಸ್ಪತ್ರೆಗಳನ್ನು ಇಎಸ್‌ಐ ಜಾಲಕ್ಕೆ ಜೋಡಿಸುವ ಕೆಲಸ ನಗರಗಳಲ್ಲಿ ನಡೆದಷ್ಟು ವೇಗವಾಗಿ ತಾಲ್ಲೂಕುಗಳಲ್ಲೂ ನಡೆಯಬೇಕು.

ಕಚೇರಿಗಳ ಹೊಸ ಪಟ್ಟಿ

ಇಎಸ್‌ಐ ಮಿತಿಯ ಮೇಲಿರುವವರ ಲೋಕದಲ್ಲಿ ಕಳೆದ ಐದಾರು ವರ್ಷಗಳಲ್ಲಿ ಬಹಳ ಬದಲಾಗಿದೆ. ಅದಕ್ಕೆ ದೊಡ್ಡ ನೂಕು ಕೊಟ್ಟದ್ದು ಕೋವಿಡ್. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಸಚಿವಾಲಯ ಲಾಕ್‌ಡೌನ್ ಸಡಿಲಿಸುವ ಮಾರ್ಗಸೂಚಿಯಲ್ಲಿ ಕಾರ್ಮಿಕರಿಗೆ ವೈದ್ಯಕೀಯ ವಿಮೆ ಇರಬೇಕೆಂದು ಹೇಳಿತು. ಮರುದಿನವೇ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಸಂಸ್ಥೆಗಳಿಗೆ ಸಾಮೂಹಿಕ ಪಾಲಿಸಿ ಒದಗಿಸಿ ಎಂದು ವಿಮಾ ಕಂಪನಿಗಳಿಗೆ ಸೂಚಿಸಿತು. ಅಲ್ಲಿಯವರೆಗೆ ದೊಡ್ಡ ಕಂಪನಿಗಳ ಸೊತ್ತಾಗಿದ್ದ ಗ್ರೂಪ್ ಪಾಲಿಸಿಯನ್ನು ಸಣ್ಣ ವರ್ಕ್‌ಶಾಪುಗಳೂ ವಿಚಾರಿಸತೊಡಗಿದವು.

ಗ್ರೂಪ್ ಪಾಲಿಸಿಯ ಬಲವೇನೆಂದು ಯಾವ ಎಚ್ಆರ್ ಅಧಿಕಾರಿಯನ್ನು ಕೇಳಿದರೂ ಹೇಳುತ್ತಾರೆ. ಸ್ವಂತವಾಗಿ ಪಾಲಿಸಿ ಮಾಡಿಸುವವನಿಗೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು. ಗ್ರೂಪ್ ಪಾಲಿಸಿಯಲ್ಲಿ ಇವೆಲ್ಲ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸೇರಿರುತ್ತವೆ, ಹೆರಿಗೆಯೂ ಸೇರುತ್ತದೆ. ನೂರು ಜನ ಸೇರಿದಾಗ ಕಾಯಿಲೆಯವರ ಭಾರವನ್ನು ಆರೋಗ್ಯವಂತರು ಹೊರುತ್ತಾರೆ ಎಂಬ ಸರಳ ಲೆಕ್ಕ ಅದು. ಇದೇ ಲೆಕ್ಕದ ಮೇಲೆ 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ನಿಂತಿತು. ಡಾ. ದೇವಿ ಶೆಟ್ಟಿ ಅವರ ಪ್ರೇರಣೆಯ ಆ ಯೋಜನೆಯಲ್ಲಿ ರೈತ ಕಟ್ಟಬೇಕಿದ್ದದ್ದು ಆರಂಭದಲ್ಲಿ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಹೃದಯದ ಶಸ್ತ್ರಚಿಕಿತ್ಸೆಯೂ ಅದರೊಳಗೆ ಬಂತು. ಲಕ್ಷಗಟ್ಟಲೆ ಸದಸ್ಯರು ಒಟ್ಟಿಗೆ ಬಂದುದರಿಂದಲೇ ಆ ದರ ಸಾಧ್ಯವಾಯಿತು.

ಹೊಸ ಪಟ್ಟಿಯಲ್ಲಿ ಈಗ ಏನೇನಿದೆ? ಅಪ್ಪ ಅಮ್ಮ, ಕೆಲವೆಡೆ ಅತ್ತೆ ಮಾವ, ಆಸ್ಪತ್ರೆಗೆ ಸೇರದೆಯೂ ಆಗುವ ಡಾಕ್ಟರ್ ಫೀಸು, ಔಷಧಿ, ರಕ್ತ ಪರೀಕ್ಷೆ, ಫೋನಿನಲ್ಲಿ ವೈದ್ಯರ ಸಲಹೆ, ವಾರ್ಷಿಕ ತಪಾಸಣೆ, ತನಗೆ ಬೇಕಾದ ಸೌಲಭ್ಯವನ್ನು ತಾನೇ ಆರಿಸಿಕೊಂಡು ಹೆಚ್ಚಿನ ಮೊತ್ತಕ್ಕೆ ಟಾಪ್‌ಅಪ್ ಹಾಕಿಸಿಕೊಳ್ಳುವ ಅವಕಾಶ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಸಾರಿಗೆಯೂ ಹಿಂದುಳಿದಿಲ್ಲ: ಕೆಎಸ್ಆರ್‌ಟಿಸಿ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿ ಮತ್ತು ಅವರ ಕುಟುಂಬಕ್ಕೆ 'ಕೆಎಸ್ಆರ್‌ಟಿಸಿ ಆರೋಗ್ಯ' ಎಂಬ ನಗದುರಹಿತ ಚಿಕಿತ್ಸೆಯ ಯೋಜನೆ ಆರಂಭಿಸಿತು. ಖರ್ಚಾದ ಮೇಲೆ ಬಿಲ್ಲು ಹಿಡಿದು ಡಿಪೋದಿಂದ ವಿಭಾಗೀಯ ಕಚೇರಿಗೆ ಅಲೆಯುವ ಕಾಲ ಹೋಗಿ, ಡ್ರೈವರ್ ಕಂಡಕ್ಟರುಗಳು ಕಾರ್ಡು ತೋರಿಸಿ ದಾಖಲಾಗುವ ಕಾಲ ಬಂದದ್ದು ಸಣ್ಣ ಬದಲಾವಣೆಯಲ್ಲ.

ಮನಸ್ಸಿನ ಆರೋಗ್ಯ ಈ ಪಟ್ಟಿಗೆ ತಡವಾಗಿ ಬಂದ ಸಾಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕೆಂದು ವಿಧಿಸಿತು. 2024ರಲ್ಲಿ ಪುಣೆಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಯುವ ಲೆಕ್ಕಪರಿಶೋಧಕಿಯ ಸಾವು, ಅವರ ತಾಯಿ ಬರೆದ ಪತ್ರದಿಂದಾಗಿ ದೇಶದ ತುಂಬ ಕೆಲಸದ ಒತ್ತಡದ ಚರ್ಚೆ ಎಬ್ಬಿಸಿತು. ಅಂದಿನಿಂದ ಆಪ್ತಸಲಹೆಯ ಸಹಾಯವಾಣಿ ಇಟ್ಟಿದ್ದೇವೆ ಎಂದು ಹೇಳುವ ಕಂಪನಿಗಳು ಹೆಚ್ಚಿವೆ. ಕಂಪನಿಯ ಸಹಾಯವಾಣಿ ಇಲ್ಲದವರಿಗೂ ಟೆಲಿಮಾನಸ್ ಇದೆ: 14416. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಈ ಉಚಿತ ಸೇವೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗೆ ಅಂಟಿಸಿ, ಹದಿನಾಲ್ಕು ಗಂಟೆಯ ದುಡಿಮೆಯನ್ನು ಹಾಗೆಯೇ ಬಿಟ್ಟರೆ ಅದು ಸೌಲಭ್ಯವಾಗುವುದಿಲ್ಲ.

ಸಣ್ಣ ಅಕ್ಷರದಲ್ಲಿ ಅಡಗಿದ್ದು

ಪ್ರೀಮಿಯಂ ಏರುತ್ತಿರುವುದು ಇನ್ನೊಂದು ವಾಸ್ತವ. ಚಿಕಿತ್ಸೆಯ ಬೆಲೆ ಏರಿದಂತೆ, ಕಳೆದ ವರ್ಷ ಕ್ಲೇಮು ಹೆಚ್ಚಾದ ಗುಂಪಿಗೆ ವಿಮಾ ಕಂಪನಿ ಈ ವರ್ಷ ಹೆಚ್ಚು ಕೇಳುತ್ತದೆ. ಆಗ ಮಾಲೀಕರು ಹಿಡಿಯುವ ದಾರಿಗಳು ಮೂರು: ತಂದೆತಾಯಿಯರ ಕ್ಲೇಮಿನಲ್ಲಿ ಒಂದು ಪಾಲನ್ನು ನೌಕರನೇ ಹೊರುವ ಕೋ-ಪೇ, ಅವರ ಪ್ರೀಮಿಯಂ ನೌಕರನ ಸಂಬಳದಿಂದ ಕಡಿತ, ಮತ್ತು ಕೊಠಡಿ ಬಾಡಿಗೆಗೆ ಮಿತಿ.

ಈ ಮೂರನೆಯದು ಎಷ್ಟೋ ಮನೆಗಳ ಲೆಕ್ಕ ತಪ್ಪಿಸಿದೆ. ಐದು ಲಕ್ಷದ ಪಾಲಿಸಿ, ಕೊಠಡಿ ಬಾಡಿಗೆ ಅದರ ಶೇ 1, ಅಂದರೆ ದಿನಕ್ಕೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯವರು 8,000 ರೂಪಾಯಿಯ ಕೊಠಡಿ ಹಿಡಿದರೆ ಕೈಯಿಂದ ಹೋಗುವುದು ದಿನಕ್ಕೆ 3,000 ಮಾತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ. ಶಸ್ತ್ರಚಿಕಿತ್ಸಕರ ಫೀಸು, ಆಪರೇಷನ್ ಥಿಯೇಟರು ಮುಂತಾದ ಖರ್ಚನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸಲಾಗುತ್ತದೆ. ಅಂಥ ಖರ್ಚು 1,60,000 ಆಗಿದ್ದರೆ ಸಿಗುವುದು ಒಂದು ಲಕ್ಷ. ಉಳಿದ 60,000 ಮನೆಯವರೇ ಕಟ್ಟಬೇಕು. ಔಷಧಿ, ದೇಹದೊಳಗೆ ಕೂರಿಸುವ ಸಾಧನಗಳು, ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಸಲ್ಲದು ಎಂದು ಐಆರ್‌ಡಿಎಐ ನಿಯಮ ಮಾಡಿದೆ. ದಾಖಲಾಗುವ ಕೌಂಟರಿನಲ್ಲಿ 'ನನ್ನ ಪಾಲಿಸಿಯ ರೂಮ್ ಲಿಮಿಟ್ ಎಷ್ಟು' ಎಂಬ ಒಂದು ಪ್ರಶ್ನೆ ಕೇಳಿದರೆ ಈ 60,000 ಉಳಿಯುತ್ತದೆ.

ನಿಯಂತ್ರಕರು ಗ್ರಾಹಕರ ಕಡೆಗೆ ವಾಲಿದ್ದೂ ಉಂಟು. 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಸಮಯದ ಅನುಮೋದನೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಗಿದೆ. ಗ್ರೂಪ್ ಪಾಲಿಸಿಗಳಿಗೆ ಆ ವಿನಾಯಿತಿ ಇಲ್ಲ. ಹತ್ತಾರು ಕೆಲಸಗಾರರಿಗೆ ವಿಮೆ ಮಾಡಿಸಲು ಮನಸ್ಸು ಮಾಡುವ ಸಣ್ಣ ಕಾರ್ಖಾನೆಯ ಮಾಲೀಕನಿಗೆ ಇದು ಭಾರವೇ. ಸಣ್ಣ ಉದ್ದಿಮೆಗಳ ಮಟ್ಟಿಗಾದರೂ ಈ ತೆರಿಗೆಯನ್ನು ತೆಗೆಯುವುದು ನ್ಯಾಯ.

ಸತ್ತ ಮೇಲಿನ ರಕ್ಷಣೆಯ ವಿಷಯದಲ್ಲಿ ಅಜ್ಞಾನ ಇನ್ನೂ ಹೆಚ್ಚು. ಪಿಎಫ್ ಖಾತೆ ಇರುವ ಪ್ರತಿಯೊಬ್ಬ ನೌಕರನಿಗೂ 1976ರ ಇಡಿಎಲ್ಐ ಯೋಜನೆಯ ಜೀವ ವಿಮೆ ತಾನಾಗಿಯೇ ಇದೆ. ಇದಕ್ಕೆ ನೌಕರ ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ಮಾಲೀಕ ವೇತನದ ಶೇ 0.5ರಂತೆ, ತಿಂಗಳಿಗೆ ಹೆಚ್ಚೆಂದರೆ 75 ರೂಪಾಯಿ ಕಟ್ಟುತ್ತಾನೆ. ಸೇವೆಯಲ್ಲಿರುವಾಗ ಸಾವು ಸಂಭವಿಸಿದರೆ ಕುಟುಂಬಕ್ಕೆ ಗರಿಷ್ಠ ಏಳು ಲಕ್ಷ ರೂಪಾಯಿ ಸಿಗುತ್ತದೆ. ಪಿಎಫ್ ಹಣ, ಪಿಂಚಣಿ ಇವುಗಳ ಜೊತೆಗೆ ಸಿಗುವ ಬೇರೆಯದೇ ಹಣ ಇದು. ವಿಧವೆಯರು ಪಿಎಫ್ ಮಾತ್ರ ಪಡೆದು, ಈ ಮೊತ್ತದ ಅರ್ಜಿ ಹಾಕದೆ ಉಳಿಯಲು ಕಾರಣ ಅವರಿಗೆ ಯಾರೂ ಹೇಳದಿರುವುದು. ಹೇಳುವ ಹೊಣೆ ಕಾರ್ಖಾನೆಯ ಕಚೇರಿಯದು.

ಹೊರಗುಳಿದವರು

ಗುತ್ತಿಗೆ ಕಾರ್ಮಿಕನ ಪ್ರಶ್ನೆಗೆ ಬಂದಾಗ ಮಾಲೀಕರು 'ಅವನು ಠೇಕೇದಾರನ ಆಳು' ಎನ್ನುವುದು ವಾಡಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಠೇಕೇದಾರನ ಕೆಲಸಗಾರರ ಇಎಸ್‌ಐ ವಂತಿಕೆಯನ್ನೂ ಮೊದಲು ಕಟ್ಟಬೇಕಾದವನು ಪ್ರಧಾನ ಮಾಲೀಕ. ಆಮೇಲೆ ಅವನು ಠೇಕೇದಾರನಿಂದ ವಸೂಲು ಮಾಡಿಕೊಳ್ಳಬಹುದು. ಒಂದೇ ಶೆಡ್ಡಿನಲ್ಲಿ ಒಂದೇ ಯಂತ್ರದ ಎರಡು ಬದಿಗೆ ನಿಂತ ಇಬ್ಬರಲ್ಲಿ ಒಬ್ಬನಿಗೆ ಕಾರ್ಡ್ ಇದ್ದು ಇನ್ನೊಬ್ಬನಿಗೆ ಇಲ್ಲದಿದ್ದರೆ ಅದು ಕಾನೂನಿನ ಉಲ್ಲಂಘನೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ರಕ್ಷಣೆಯ ವಲಯವನ್ನು ಹಿಗ್ಗಿಸುವ ಭರವಸೆ ಕೊಟ್ಟಿವೆ. ಅಪಾಯಕಾರಿ ಕೆಲಸದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಇಎಸ್‌ಐ ಅನ್ವಯಿಸಬಹುದು. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಭತ್ಯೆಗಳ ಹೆಸರಿನಲ್ಲಿ ಮೂಲ ವೇತನವನ್ನು ಕುಗ್ಗಿಸಿ ತೋರಿಸುವ ಜಾಣತನಕ್ಕೂ ಕಡಿವಾಣ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವೂ ವೇತನವೇ.

ಮನೆ ಬಾಗಿಲಿಗೆ ಊಟ ತರುವ, ಟ್ಯಾಕ್ಸಿ ಓಡಿಸುವ ಗಿಗ್ ಕಾರ್ಮಿಕರು ಮೊದಲ ಸಲ ಕೇಂದ್ರ ಕಾನೂನಿನೊಳಗೆ ಬಂದಿದ್ದಾರೆ. ಅವರ ಸಂಖ್ಯೆ 2020-21ರಲ್ಲಿ 77 ಲಕ್ಷ ಇತ್ತು, 2029-30ರ ಹೊತ್ತಿಗೆ 2.35 ಕೋಟಿ ಆದೀತು ಎಂದು ನೀತಿ ಆಯೋಗ ಅಂದಾಜಿಸಿದೆ. ಆ್ಯಪ್ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ಇವರ ಭದ್ರತಾ ನಿಧಿಗೆ ಕೊಡಬೇಕು. ಈ ದಾರಿಯಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ: 2023ರಲ್ಲಿ ಡೆಲಿವರಿ ಕೆಲಸಗಾರರಿಗೆ ಎರಡು ಲಕ್ಷದ ಜೀವ ವಿಮೆ, ಎರಡು ಲಕ್ಷದ ಅಪಘಾತ ವಿಮೆ ಘೋಷಿಸಿತು, 2025ರಲ್ಲಿ ಪ್ರತಿ ಪಾವತಿಯಿಂದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಪಡೆಯುವ ಪ್ರತ್ಯೇಕ ಕಾನೂನನ್ನೇ ತಂದಿತು.

ಇಷ್ಟಾದರೂ ಒಂದು ಹಳೆಯ ಸಮಸ್ಯೆ ಹಾಗೆಯೇ ಇದೆ. ಕೆಲಸದೊಂದಿಗೆ ಬಂದ ರಕ್ಷಣೆ ಕೆಲಸದೊಂದಿಗೇ ಹೋಗುತ್ತದೆ. ಕೋಲಾರದ ಚಿನ್ನದ ಗಣಿ ಇದಕ್ಕೆ ಕನ್ನಡ ನಾಡಿನ ಕಹಿ ಉದಾಹರಣೆ. ಗಣಿಯ ಆಸ್ಪತ್ರೆ ತಲೆಮಾರುಗಳ ಕಾಲ ಕಾರ್ಮಿಕರ ಹೆರಿಗೆಯಿಂದ ಹಿಡಿದು ಶ್ವಾಸಕೋಶದ ಕಾಯಿಲೆಯವರೆಗೆ ನೋಡಿಕೊಂಡಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಸ್ಪತ್ರೆಯೂ ಅದರ ಹಿಂದೆಯೇ ಹೋಯಿತು. ಸಿಲಿಕಾ ದೂಳು ಎದೆಯಲ್ಲಿ ಕುಳಿತವರಿಗೆ ಚಿಕಿತ್ಸೆ ಹೆಚ್ಚು ಬೇಕಾದದ್ದು ಗಣಿ ಮುಚ್ಚಿದ ಮೇಲೆ.

ಅದಕ್ಕೇ ಕೆಲಸ ಬಿಡುವ ಹೊತ್ತಿಗೆ ಸಿಗುವ ದಾರಿಗಳನ್ನು ತಿಳಿದಿರಬೇಕು. ಗ್ರೂಪ್ ಆರೋಗ್ಯ ಪಾಲಿಸಿಯಿಂದ ಹೊರಬರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು. ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮೆಯಾಗುತ್ತವೆ. ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ, ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಎಪ್ಪತ್ತು ದಾಟಿದ ಹಿರಿಯರಿಗೆ ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ಐದು ಲಕ್ಷದವರೆಗಿನ ಚಿಕಿತ್ಸೆ ಉಂಟು. ಯಾವ ಗುಂಪಿಗೂ ಸೇರದ ಗಾರೆ ಕೆಲಸದ ಚಿಕ್ಕಪ್ಪನಿಗೆ ಬ್ಯಾಂಕಿನ ಖಾತೆಯೇ ಗುಂಪು: ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ ಎರಡು ಲಕ್ಷದ ಜೀವ ವಿಮೆ. ವಯಸ್ಸಿನ ಮಿತಿಯೊಳಗಿದ್ದು ಬ್ಯಾಂಕಿಗೆ ಒಮ್ಮೆ ಒಪ್ಪಿಗೆ ಬರೆದುಕೊಟ್ಟಿರಬೇಕು, ಮೇ ಕೊನೆಯ ವಾರ ಖಾತೆಯಲ್ಲಿ ಅಷ್ಟು ಹಣ ಇರಬೇಕು.

ಪುಣೆ ಜಿಲ್ಲೆಯ ಕನ್ನಡ ಬಾಂಧವರಲ್ಲಿ ಒಂದು ವಿನಂತಿ. ಈ ತಿಂಗಳ ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ ಸಂಖ್ಯೆ ಇದೆಯೇ, ಪಿಎಫ್‌ನ ಯುಎಎನ್ ಇದೆಯೇ, ನಾಮಿನಿಯಾಗಿ ಮದುವೆಗೆ ಮುಂಚಿನ ಹೆಸರೇ ಉಳಿದಿದೆಯೇ ಎಂದು ಪರೀಕ್ಷಿಸಿ. ಮರಾಠಿ, ಇಂಗ್ಲಿಷ್ ಓದಲು ಬಾರದ ನೆರೆಯವರ ಚೀಟಿಯನ್ನೂ ಓದಿ ಹೇಳಿ. ಕನ್ನಡ ಸಂಘಗಳು ವರ್ಷಕ್ಕೆ ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಡಲಿ. ಕಾರ್ಖಾನೆಗಳ ಮಾಲೀಕರು ಹೊಸ ಸೌಲಭ್ಯವೊಂದನ್ನು ಸೇರಿಸುವ ಮೊದಲು ತಮ್ಮ ಗೇಟಿನೊಳಗೆ ದುಡಿಯುವ ಪ್ರತಿಯೊಬ್ಬರ ಹೆಸರನ್ನೂ, ಠೇಕೇದಾರನ ಮೂಲಕ ಬಂದವರ ಹೆಸರನ್ನೂ, ಪಟ್ಟಿಗೆ ಸೇರಿಸಲಿ. 2017ರಿಂದ ಕದಲದೆ ನಿಂತಿರುವ 21,000 ರೂಪಾಯಿಯ ಮಿತಿಯನ್ನು ಕೇಂದ್ರ ಸರ್ಕಾರ ಇನ್ನು ತಡಮಾಡದೆ ಏರಿಸಬೇಕು.